ಜರ್ಮನಿಯ ಕ್ರಾಂಕನ್‌ಕಾಸೆ ಎಂಟು ವರ್ಷ ಬಳಸಿದ ಮೇಲೆ: ಬ್ರಿಟನ್ನಿನ ಎನ್‌ಎಚ್‌ಎಸ್ ಇದರಿಂದ ಏನು ಕಲಿಯಬಹುದು

ಬಳಸುತ್ತಿರುವುದು: 2017ರಿಂದ, ಸ್ಟುಟ್‌ಗಾರ್ಟ್‌ನಲ್ಲಿ, ಸರ್ಕಾರಿ ಕಾಯ್ದೆಯ ಕೆಳಗಿನ ಆರೋಗ್ಯ ವಿಮೆ. ಈ ವಿಮೆ ನಡೆಸುವ ಹಲವು ಸಂಸ್ಥೆಗಳಿಗೆ ಕ್ರಾಂಕನ್‌ಕಾಸೆ, ಚಿಕ್ಕದಾಗಿ ಕಾಸೆ, ಎನ್ನುತ್ತಾರೆ. ಅದಕ್ಕೂ ಮುಂಚೆ ಐದು ವರ್ಷ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ.
ಅಂಕ: 5ಕ್ಕೆ 4

ರೆಡಿಂಗ್‌ನಲ್ಲಿದ್ದಾಗ, 2016ರಲ್ಲಿ, ಎಡ ಮಂಡಿ ಹಿಡಿದುಕೊಂಡಿತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಜಿಪಿ (ಮನೆವೈದ್ಯರ) ಕ್ಲಿನಿಕ್ಕಿಗೆ ಫೋನ್ ಮಾಡಬೇಕಿತ್ತು. ಎಂಟೂ ಹತ್ತರ ಹೊತ್ತಿಗೆ ಆ ದಿನದ ಅಪಾಯಿಂಟ್‌ಮೆಂಟ್‌ಗಳೆಲ್ಲ ಮುಗಿದಿರುತ್ತಿದ್ದವು. ಮೂರನೇ ದಿನ ಸಿಕ್ಕ ವೈದ್ಯರು ತುಂಬ ಒಳ್ಳೆಯವರು. ಸಮಾಧಾನವಾಗಿ ಕೇಳಿಸಿಕೊಂಡು ಮೂಳೆ ತಜ್ಞರಿಗೆ ಪತ್ರ ಬರೆದರು. ಅಲ್ಲಿಂದ ಒಂಬತ್ತು ತಿಂಗಳು ಕಾದೆ. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂದು ಅಲ್ಲಿ ನಿಯಮವಿದೆ. ನೂರಕ್ಕೆ 92 ಮಂದಿಗೆ ಹಾಗೆ ಸಿಗಬೇಕೆನ್ನುವ ಗುರಿಯನ್ನು ಇಂಗ್ಲೆಂಡ್ 2016ರಿಂದ ಈಚೆಗೆ ಮುಟ್ಟಿಲ್ಲ. ಕಾಯುವುದಕ್ಕಿಂತ ಹೆಚ್ಚು ಸಂಕಟವಾಗಿದ್ದು ಯಾರನ್ನು ಕೇಳಬೇಕೆಂದು ತಿಳಿಯದೆ. ಕ್ಲಿನಿಕ್ಕಿನವರು ಆಸ್ಪತ್ರೆಯನ್ನು ಕೇಳಿ ಎನ್ನುವರು, ಆಸ್ಪತ್ರೆಯವರು ಕ್ಲಿನಿಕ್ಕನ್ನು ಕೇಳಿ ಎನ್ನುವರು.

ಸ್ಟುಟ್‌ಗಾರ್ಟ್‌ನಲ್ಲಿ ಅದೇ ಮಂಡಿ ಮತ್ತೆ ನೋಯತೊಡಗಿದಾಗ ವಿಮೆಯ ಕಾರ್ಡ್ ಹಿಡಿದು ನೇರ ಮೂಳೆ ತಜ್ಞರ ಬಳಿಗೇ ಹೋದೆ. ಮೊದಲು ಫೋನ್ ಮಾಡಿದ ಕಡೆ ಮೂರು ತಿಂಗಳ ಆಚೆಗಿನ ತಾರೀಖು ಕೊಟ್ಟಿದ್ದರು. ನನ್ನ ಕಾಸೆಗೆ ಫೋನ್ ಮಾಡಿ ಹೇಳಿದೆ. ಎರಡು ದಿನಕ್ಕೆ ಅವರೇ ಫೋನ್ ಮಾಡಿ, ಟ್ರಾಮಿನಲ್ಲಿ ಅರ್ಧ ಗಂಟೆ ದೂರದ ಇನ್ನೊಬ್ಬ ವೈದ್ಯರಲ್ಲಿ ಮೂರು ವಾರದೊಳಗಿನ ತಾರೀಖು ಹುಡುಕಿಕೊಟ್ಟರು. ನನ್ನ ಪರವಾಗಿ ಫೋನ್ ಮಾಡುವುದನ್ನೇ ಕೆಲಸ ಮಾಡಿಕೊಂಡಿರುವ ಒಬ್ಬರು! ಎನ್‌ಎಚ್‌ಎಸ್ ಕಲಿಯಬೇಕಾದ್ದು ಇದನ್ನೇ ಎಂದು ನನಗೆ ಅವತ್ತೇ ಅನ್ನಿಸಿತು.

ಅವರು ಹಾಗೇಕೆ ಮಾಡುತ್ತಾರೆ? ನಾನು ಬಿಟ್ಟುಹೋಗಬಹುದು, ಅದಕ್ಕೆ. 1996ರಿಂದ ಇಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಕಾಸೆ ಆರಿಸಿಕೊಳ್ಳಬಹುದು. ಈಗ ಒಂದು ವರ್ಷ ಇದ್ದರೆ ಸಾಕು, ಬದಲಾಯಿಸಬಹುದು. ಕಾಗದಪತ್ರದ ಕೆಲಸವನ್ನು ಹೊಸ ಕಾಸೆಯೇ ನೋಡಿಕೊಳ್ಳುತ್ತದೆ. ಹಾಗಾದರೆ ಕಾಸೆಗಳು ಕಾಯಿಲೆಯವರನ್ನು ದೂರವಿಟ್ಟು ಗಟ್ಟಿಮುಟ್ಟಾದವರನ್ನಷ್ಟೇ ಸೇರಿಸಿಕೊಳ್ಳುವುದಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ಊರಲ್ಲಿ ಖಾಸಗಿ ಮೆಡಿಕಲ್ ಇನ್ಶೂರೆನ್ಸ್ ಮಾಡಿಸಿದವರಿಗೆ ಆ ಅನುಮಾನ ಬಂದೇ ಬರುತ್ತದೆ. ಇಲ್ಲಿ ಅರ್ಜಿ ಹಾಕಿದವರನ್ನು ಬೇಡ ಎನ್ನುವ ಹಾಗಿಲ್ಲ. ಜೊತೆಗೆ 2009ರಿಂದ ಎಲ್ಲರ ವಂತಿಗೆಯೂ ಒಂದೇ ನಿಧಿಗೆ ಹೋಗಿ, ಅಲ್ಲಿಂದ ಪ್ರತಿ ಸದಸ್ಯರ ವಯಸ್ಸು, ಕಾಯಿಲೆ ನೋಡಿ ಕಾಸೆಗಳಿಗೆ ಹಂಚಿಕೆಯಾಗುತ್ತದೆ. ಸಕ್ಕರೆ ಕಾಯಿಲೆಯವರು ಬಂದರೆ ಹಣವೂ ಹೆಚ್ಚು ಬರುತ್ತದೆ. ಅವರನ್ನು ಚೆನ್ನಾಗಿ ನೋಡಿಕೊಂಡರೆ ಕಾಸೆಗೇ ಲಾಭ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. 2002ರಲ್ಲಿ ಶುರುವಾದ ದೀರ್ಘಕಾಲದ ಕಾಯಿಲೆಗಳ ಯೋಜನೆಯಲ್ಲಿ ಅವಳ ಹೆಸರಿದೆ. ಮೂರು ತಿಂಗಳಿಗೊಮ್ಮೆ ಮನೆವೈದ್ಯರಲ್ಲಿಗೆ ಹೋಗುತ್ತಾಳೆ. ಕಾಲುಚೀಲ ಬಿಚ್ಚಿಸಿ, ಟ್ಯೂನಿಂಗ್ ಫೋರ್ಕ್ ತಟ್ಟಿ ಹೆಬ್ಬೆರಳಿನ ಗಂಟಿಗೆ ಒತ್ತಿ, ಕಂಪನ ನಿಂತಾಗ ಹೇಳಿ ಎನ್ನುತ್ತಾರೆ. ಅವಳು ಕಣ್ಣು ಮುಚ್ಚಿ ಕೂತು "ಈಗ" ಎನ್ನುತ್ತಾಳೆ. ಹೋಗದಿದ್ದರೆ ಕಾಸೆಯಿಂದ ನೆನಪಿನ ಪತ್ರ ಬರುತ್ತದೆ.

ಇನ್ನು ಒಂದು ಅಂಕ ಏಕೆ ಕಡಿಮೆ? ನಡುವೆ ಆರು ತಿಂಗಳು ಸ್ವಂತವಾಗಿ ಕೆಲಸ ಮಾಡಿದೆ. ಆದಾಯದ ದಾಖಲೆ ಕಳಿಸಲು ತಡವಾಯಿತು. ದಾಖಲೆ ಇಲ್ಲದಿದ್ದರೆ ಗರಿಷ್ಠ ವಂತಿಗೆ ಎನ್ನುವುದು ಇಲ್ಲಿನ ಕಾನೂನು. ನನ್ನ ಆಗಿನ ಕಾಸೆ ಹಾಗೇ ಬಿಲ್ ಹಾಕಿತು, ದಾಖಲೆ ತಲುಪಿದ ಮೇಲೂ ನಾಲ್ಕು ತಿಂಗಳು ಸರಿಪಡಿಸಲಿಲ್ಲ. ಕಾನೂನಿನ ಜರ್ಮನ್ ಭಾಷೆಯ ಆ ಪತ್ರಗಳನ್ನು ಓದಿ ನಿದ್ದೆಗೆಟ್ಟ ರಾತ್ರಿಗಳಿವೆ. ಎನ್‌ಎಚ್‌ಎಸ್‌ನಲ್ಲಿ ಇಂಥದ್ದು ಆಗುವುದೇ ಇಲ್ಲ. ತೆರಿಗೆಯ ಹಣದಲ್ಲಿ ನಡೆಯುವ ವ್ಯವಸ್ಥೆ ಅದು. ಕೆಲಸ ಹೋದರೂ ವೈದ್ಯರು ಹೋಗುವುದಿಲ್ಲ. 1948ರಲ್ಲಿ ಆಗಿನ ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಕಟ್ಟಿದ ಆ ಧೈರ್ಯವನ್ನು ಬ್ರಿಟನ್ ಯಾವ ಕಾರಣಕ್ಕೂ ಕಳೆದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ ಔಷಧ ತಗೊಳ್ಳುವವರಿಗೆ ಇಂಗ್ಲೆಂಡಿನಲ್ಲಿ ಔಷಧಿ ಉಚಿತ. ಇಲ್ಲಿ ಸಾಮಾನ್ಯವಾಗಿ ಒಂದೊಂದು ಔಷಧಿಗೆ 5ರಿಂದ 10 ಯೂರೋ. ದೀರ್ಘ ಕಾಯಿಲೆಯವರಿಗೆ ವರ್ಷದ ಆದಾಯದ ಶೇ. 1 ಮಿತಿ ಇದೆ, ಆದರೂ.

ಬೇಸರದ ಇನ್ನೊಂದು ಮಾತು. ತಜ್ಞರ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ "ಸರ್ಕಾರಿ ವಿಮೆಯೋ, ಖಾಸಗಿಯೋ?" ಖಾಸಗಿ ಎಂದವರಿಗೆ ಬೇಗ ತಾರೀಖು ಸಿಗುತ್ತದೆ. ಈ ತಾರತಮ್ಯವನ್ನು ಯಾವ ದೇಶವೂ ಇಲ್ಲಿಂದ ತೆಗೆದುಕೊಂಡು ಹೋಗಬಾರದು.

ಹೊಸದಾಗಿ ಬರುವ ನಮ್ಮವರಿಗೆ: ಮೂಲ ವಂತಿಗೆ ಸಂಬಳದ ಶೇ. 14.6, ಅರ್ಧ ಕಂಪನಿಯದು. ಸಂಬಳವಿಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಬೇರೆ ಕಟ್ಟಬೇಕಿಲ್ಲ. ಸೌಲಭ್ಯ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಮೂಲ ವಂತಿಗೆಯ ಮೇಲೆ ಆ ಕಾಸೆ ಹಾಕುವ ಹೆಚ್ಚುವರಿ ವಂತಿಗೆ ಎಷ್ಟು, ಫೋನಿನಲ್ಲಿ ಇಂಗ್ಲಿಷ್ ಮಾತಾಡುವವರು ಸಿಗುತ್ತಾರಾ, ಇವೆರಡನ್ನು ನೋಡಿ ಆರಿಸಿ. ಹಲ್ಲಿನ ವೈದ್ಯರು ಕೊಡುವ ಪುಟ್ಟ ಬೋನಸ್ ಪುಸ್ತಕಕ್ಕೆ ಮೊದಲ ವರ್ಷದಿಂದಲೇ ವರ್ಷವರ್ಷದ ತಪಾಸಣೆಯ ಮುದ್ರೆ ಹಾಕಿಸಿಕೊಳ್ಳಿ. ಐದು ವರ್ಷ ತಪ್ಪದೆ ಹಾಕಿಸಿದರೆ ಕಟ್ಟುಹಲ್ಲಿಗೆ ಸಿಗುವ ನೆರವು ಶೇ. 60ರಿಂದ 70ಕ್ಕೆ ಏರುತ್ತದೆ, ಹತ್ತಕ್ಕೆ 75. ನನ್ನದರಲ್ಲಿ ಎಂಟಾಗಿವೆ.