ಒಂದು ಭಾಷೆಯ ಸಾಲು ಸೇರಿಸಿದ್ದಕ್ಕೆ ಲ್ಯಾಬ್ ಐದು ದಿನ ನಿಂತಿತು: ಜೆಂಟೂ ಬಳಸುವವರು ಗಮನಿಸಿ

ದಾವಣಗೆರೆಯ ಒಂದು ತರಬೇತಿ ಲ್ಯಾಬಿನಲ್ಲಿ ಈ ಬೇಸಿಗೆಯಲ್ಲಿ ನಡೆದದ್ದು ಇದು. ಜೆಂಟೂ ಲಿನಕ್ಸ್ (ಪ್ರೋಗ್ರಾಮುಗಳನ್ನು ಸೋರ್ಸ್ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ, ಅಂದರೆ ಕಟ್ಟಿ, ಬಳಸುವ ಲಿನಕ್ಸ್) ಹಾಕಿಕೊಂಡವರಲ್ಲಿ ಯಾರಿಗಾದರೂ ನಾಳೆಯೇ ಆಗಬಹುದಾದ್ದರಿಂದ ವಿವರವಾಗಿ ಬರೆಯುತ್ತಿದ್ದೇವೆ.

ಎಂಟು ಯಂತ್ರಗಳು. ಒಂದೊಂದಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್, 8 ಜಿಬಿ ರ‍್ಯಾಮ್. ಮಕ್ಕಳಿಗೆ ಬ್ರೌಸರಿನ ಮೆನು ಕನ್ನಡದಲ್ಲಿ ಕಾಣಲಿ ಎಂದು ಶುಕ್ರವಾರ ಸಂಜೆ ಎಂಟರಲ್ಲೂ ಜೆಂಟೂ ಸೆಟ್ಟಿಂಗುಗಳಿರುವ ಮೇಕ್.ಕಾನ್ಫ್ ಕಡತದಲ್ಲಿ, ಬೇಕಾದ ಭಾಷೆಗಳನ್ನು ಹೇಳುವ ಎಲ್10ಎನ್ ಸಾಲಿಗೆ ಕನ್ನಡದ ಸಂಕೇತ ‘ಕೆಎನ್’ ಸೇರಿಸಿದರು. ಎಂದಿನ ಅಪ್‌ಡೇಟ್ ಆಜ್ಞೆ ಕೊಟ್ಟರು, ಬಂದ ಪಟ್ಟಿ ಓದದೆ ಒಪ್ಪಿಗೆ ಒತ್ತಿದರು, ಬಾಗಿಲು ಹಾಕಿಕೊಂಡು ಹೋದರು. ಶನಿವಾರ ಬೆಳಿಗ್ಗೆ ಬಂದಾಗ ಎಂಟೂ ಯಂತ್ರಗಳು ಕ್ರೋಮಿಯಂ ಬ್ರೌಸರನ್ನು ಕಂಪೈಲ್ ಮಾಡುತ್ತಲೇ ಇದ್ದವು. ಎರಡರಲ್ಲಿ ಮೆಮೊರಿ ಸಾಲದೆ ಕಂಪೈಲ್ ಸತ್ತುಹೋಗಿತ್ತು. ಮಧ್ಯಾಹ್ನ ಕರೆಂಟು ಹೋಯಿತು, ಯುಪಿಎಸ್ ಹತ್ತು ನಿಮಿಷ ತಡೆಯಿತು. ಕರೆಂಟು ಬಂದ ಮೇಲೆ ‘ಏನೋ ಕೆಟ್ಟಿರಬೇಕು’ ಎಂಬ ಭಯದಿಂದ ಎಲ್ಲ ಯಂತ್ರಗಳಲ್ಲೂ ‘ಎಂಪ್ಟಿಟ್ರೀ’ ಆಯ್ಕೆ ಹಾಕಿ ಇಡೀ ವ್ಯವಸ್ಥೆಯನ್ನೇ ಮೊದಲಿನಿಂದ ಕಟ್ಟಲು ಬಿಟ್ಟರು. ಭಾನುವಾರ ಮತ್ತೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಅದೇ ಆಜ್ಞೆ, ಮತ್ತೆ ಮೊದಲಿನಿಂದ. ಲ್ಯಾಬು ತೆರೆದದ್ದು ಗುರುವಾರ. ಸಿಕ್ಕಿದ್ದು ಎರಡು ಬ್ರೌಸರುಗಳ ಕನ್ನಡ ಮೆನು ಮಾತ್ರ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಇಲ್ಲಿ ನಾಲ್ಕು ಬೇರೆ ಬೇರೆ ತಪ್ಪುಗಳಿವೆ. ಆಜ್ಞೆಗಳನ್ನು ಓದುವ ಅನುಕೂಲಕ್ಕೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲನೆಯದು ಆ ಸಾಲು. ಎಲ್10ಎನ್ ಎಂಬುದು ನೋಡಲು ಒಂದು ಸೆಟ್ಟಿಂಗಿನಂತಿದ್ದರೂ ಪೋರ್ಟೇಜ್ (ಜೆಂಟೂವಿನಲ್ಲಿ ಪ್ಯಾಕೇಜುಗಳನ್ನು ಕಟ್ಟಿ ಹಾಕುವ ವ್ಯವಸ್ಥೆ) ಅದನ್ನು ಒಡೆದು ಒಂದೊಂದು ಭಾಷೆಗೆ ಒಂದೊಂದು ಯೂಸ್ ಫ್ಲ್ಯಾಗ್ (ಪ್ಯಾಕೇಜಿನ ಒಂದು ಸೌಲಭ್ಯವನ್ನು ಆನ್ ಅಥವಾ ಆಫ್ ಮಾಡುವ ಗುರುತು) ಮಾಡಿಕೊಳ್ಳುತ್ತದೆ. ಹೊಸ ಫ್ಲ್ಯಾಗ್ ಆನ್ ಆಯಿತೆಂದರೆ ಹಿಂದೆ ಕಟ್ಟಿದ ಪ್ಯಾಕೇಜು ಈಗ ಬೇಕಾದದ್ದಕ್ಕೆ ಹೊಂದುವುದಿಲ್ಲ, ಮತ್ತೆ ಕಟ್ಟಬೇಕು ಎಂದೇ ಅದರ ಲೆಕ್ಕ. ಆ ಫ್ಲ್ಯಾಗಿನಿಂದ ಬದಲಾಗುವುದು ಒಂದು ಚಿಕ್ಕ ಕಡತವೋ, ಇಡೀ ಪ್ರೋಗ್ರಾಮೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಫೈರ್‌ಫಾಕ್ಸ್‌ನಲ್ಲಿ ಭಾಷೆಯ ಫ್ಲ್ಯಾಗ್ ಮಾಡುವುದು ಇಷ್ಟೇ: ಆ ಭಾಷೆಯ ಸಿದ್ಧ ಲ್ಯಾಂಗ್ವೇಜ್ ಪ್ಯಾಕನ್ನು ಡೌನ್‌ಲೋಡ್ ಮಾಡಿ ಜೊತೆಗಿಡುವುದು. ಕ್ರೋಮಿಯಂ ಕಥೆ ಇನ್ನೂ ಬೇಸರದ್ದು. ಅದು ಎಲ್ಲ ಭಾಷೆಗಳನ್ನೂ ಕಟ್ಟಿ, ಕೊನೆಯಲ್ಲಿ ನಾವು ಕೇಳದ ಭಾಷೆಗಳ ಕಡತಗಳನ್ನು ಅಳಿಸುತ್ತದೆ. ಅಂದರೆ ಒಂದು ಕಡತವನ್ನು ಅಳಿಸದೆ ಬಿಡಲಿಕ್ಕಾಗಿ ಇಡೀ ಕ್ರೋಮಿಯಂ ಮತ್ತೊಮ್ಮೆ ಕಂಪೈಲ್ ಆಯಿತು.

ಫೈರ್‌ಫಾಕ್ಸ್‌ಗೆ ಕನ್ನಡ ಬೇಕಾದರೆ ಅದರದೇ ಸೆಟ್ಟಿಂಗ್ಸ್ ಪುಟದ ಭಾಷೆಯ ಭಾಗದಲ್ಲಿ ಕನ್ನಡ ಆರಿಸಿದರೆ ಪ್ಯಾಕ್ ತಾನೇ ಇಳಿಯುತ್ತದೆ, ಕಂಪೈಲ್ ಪ್ರಶ್ನೆಯೇ ಬರುವುದಿಲ್ಲ. ಕ್ರೋಮಿಯಂಗೆ ಬೇಕಾದರೆ ಭಾಷೆಯ ಫ್ಲ್ಯಾಗನ್ನು ಪ್ಯಾಕೇಜ್.ಯೂಸ್ ಕಡತದಲ್ಲಿ ಅದೊಂದಕ್ಕೆ ಮಾತ್ರ ಬರೆದಿಡಿ. ಮುಂದಿನ ಆವೃತ್ತಿ ಕೆಲವೇ ವಾರಗಳಲ್ಲಿ ಬರುತ್ತದೆ, ಆಗ ಹೇಗೂ ಕಟ್ಟಲೇಬೇಕು. ಅಲ್ಲಿಯವರೆಗೆ ಅಪ್‌ಡೇಟ್ ಆಜ್ಞೆಗೆ --ಎಕ್ಸ್‌ಕ್ಲೂಡ್ ಹಾಕಿ ಕ್ರೋಮಿಯಂ ಬಿಟ್ಟರೆ ಸಾಕು. ಹೊಸ ಆವೃತ್ತಿ ಬಂದ ದಿನ ಈ ತಡೆಯನ್ನು ತೆಗೆಯಲು ಮರೆಯಬಾರದು. ಬ್ರೌಸರಿನ ಭದ್ರತೆಯ ತಿದ್ದುಪಡಿಗಳನ್ನು ತಡ ಮಾಡುವುದು ಸರಿಯಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕನ್ನಡ ಓದಲು, ಟೈಪ್ ಮಾಡಲು ಎಲ್10ಎನ್ ಬೇಕೇ ಇಲ್ಲ. ಓದಲು ಕನ್ನಡ ಫಾಂಟು, ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಮಿನ ಜೊತೆಗೆ ಎಂ17ಎನ್ ಸಾಕು. ಸಿಸ್ಟಮ್ ಲೊಕೇಲ್ (ಇಡೀ ವ್ಯವಸ್ಥೆಯ ಭಾಷೆ) ಕನ್ನಡವಾಗಬೇಕಾದರೆ ಲೊಕೇಲ್.ಜೆನ್ ಕಡತಕ್ಕೆ ಒಂದು ಸಾಲು ಸೇರಿಸಿ ಲೊಕೇಲ್-ಜೆನ್ ಓಡಿಸಿ. ಮೂಲ ಲೈಬ್ರರಿಯಾದ ಗ್ಲಿಬ್‌ಸಿಯನ್ನು ಮತ್ತೆ ಕಟ್ಟುವ ಅಗತ್ಯವಿಲ್ಲ.

ಯಾವುದೇ ಫ್ಲ್ಯಾಗನ್ನು ಮೇಕ್.ಕಾನ್ಫ್‌ಗೆ ಸೇರಿಸುವ ಮುಂಚೆ ‘ಈಕ್ವೆರಿ ಹ್ಯಾಸ್‌ಯೂಸ್’ ಎಂದು ಬರೆದು ಮುಂದೆ ಫ್ಲ್ಯಾಗಿನ ಹೆಸರು ಕೊಡಿ. ನಿಮ್ಮ ಯಂತ್ರದಲ್ಲಿರುವ ಯಾವ ಯಾವ ಪ್ಯಾಕೇಜುಗಳಿಗೆ ಆ ಫ್ಲ್ಯಾಗ್ ಇದೆ ಎಂದು ತೋರಿಸುತ್ತದೆ. ಇದು ಜೆಂಟೂಲ್‌ಕಿಟ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಕ್ರೋಮಿಯಂ, ಕ್ಯೂಟಿ ವೆಬ್‌ಎಂಜಿನ್, ವೆಬ್‌ಕಿಟ್-ಜಿಟಿಕೆ, ಎಲ್‌ಎಲ್‌ವಿಎಂ, ರಸ್ಟ್, ಲಿಬ್ರೆಆಫೀಸ್ ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿ. ಕ್ಯೂಟಿ ವೆಬ್‌ಎಂಜಿನ್ ಎಂಬ ಹೆಸರು ನೋಡಿ ಚಿಕ್ಕ ಲೈಬ್ರರಿ ಅಂದುಕೊಳ್ಳಬೇಡಿ, ಅದರ ಹೊಟ್ಟೆಯಲ್ಲಿರುವುದು ಕ್ರೋಮಿಯಂ.

ಎರಡನೆಯದು ಪಟ್ಟಿ ಓದದೆ ಒಪ್ಪಿದ್ದು. ನಮ್ಮ ಪ್ರಕಾರ ಎಲ್ಲಕ್ಕಿಂತ ದುಬಾರಿಯಾದ ಅಭ್ಯಾಸ ಇದೇ. ಪ್ಯಾಕೇಜು ಕಟ್ಟಿಸುವ ಇಮರ್ಜ್ ಆಜ್ಞೆಗೆ --ಪ್ರಿಟೆಂಡ್ --ವರ್ಬೋಸ್ --ಟ್ರೀ ಹಾಕಿದರೆ ಏನನ್ನೂ ಕಟ್ಟದೆ, ಏನೇನು ಕಟ್ಟಲಿದೆ ಮತ್ತು ಯಾವುದು ಯಾವುದನ್ನು ಎಳೆದು ತಂದಿತು ಎಂದು ತೋರಿಸುತ್ತದೆ. ಸಾಲಿನ ಆರಂಭದಲ್ಲಿ ‘ಯು’ ಇದ್ದರೆ ಹೊಸ ಆವೃತ್ತಿ. ಬರೀ ದೊಡ್ಡಕ್ಷರದ ‘ಆರ್’ ಇದ್ದರೆ ಅದೇ ಆವೃತ್ತಿ ಮತ್ತೊಮ್ಮೆ ಎಂದರ್ಥ, ಕಣ್ಣು ನಿಲ್ಲಬೇಕಾದ್ದು ಇಲ್ಲಿ. ಆ ಸಾಲಿನಲ್ಲಿ ಯಾವ ಫ್ಲ್ಯಾಗಿನ ಪಕ್ಕ ನಕ್ಷತ್ರದ ಗುರುತು ಇದೆಯೋ ಅದು ಹಿಂದೆ ಕಟ್ಟಿದಾಗ ಇದ್ದ ಸ್ಥಿತಿಯಿಂದ ಬದಲಾಗಿದೆ. ಶೇಕಡಾ ಗುರುತು ಇದ್ದರೆ ಆ ಫ್ಲ್ಯಾಗನ್ನು ಪ್ಯಾಕೇಜಿಗೆ ಹೊಸದಾಗಿ ಸೇರಿಸಿದ್ದಾರೆ ಅಥವಾ ಕಿತ್ತುಹಾಕಿದ್ದಾರೆ.

ಈ ಶೇಕಡಾ ಗುರುತಿನ ಹಿಂದೆಯೇ ದಿನನಿತ್ಯದ ವ್ಯರ್ಥ ಅಡಗಿದೆ. ಬಹಳ ಜನ ಅಭ್ಯಾಸಬಲದಿಂದ --ಅಪ್‌ಡೇಟ್ --ಡೀಪ್ --ನ್ಯೂಯೂಸ್ @ವರ್ಲ್ಡ್ (ಯಂತ್ರದಲ್ಲಿ ಹಾಕಿಕೊಂಡದ್ದೆಲ್ಲ) ಎಂದೇ ಹೊಡೆಯುತ್ತಾರೆ. ನ್ಯೂಯೂಸ್ ಇದ್ದರೆ ನೀವು ಬಳಸದ, ಆಫ್ ಇರುವ ಫ್ಲ್ಯಾಗೊಂದು ಪ್ಯಾಕೇಜಿಗೆ ಸೇರಿದರೂ ಹೋದರೂ ಮತ್ತೆ ಕಟ್ಟುತ್ತದೆ. ಫಲಿತಾಂಶ ಬಹುತೇಕ ಹಿಂದಿನದೇ, ಗಂಟೆಗಳು ಮಾತ್ರ ಹೋದವು. ಅದರ ಜಾಗದಲ್ಲಿ --ಚೇಂಜ್ಡ್-ಯೂಸ್ ಹಾಕಿದರೆ ಆನ್ ಇರುವ ಫ್ಲ್ಯಾಗುಗಳು ಬದಲಾದಾಗ ಮಾತ್ರ ಕಟ್ಟುತ್ತದೆ. ಮನೆಯ ಯಂತ್ರಕ್ಕೂ ಲ್ಯಾಬಿಗೂ ಇದನ್ನೇ ಬಳಸಿ. ಆದರೆ ಆ ಶುಕ್ರವಾರ ಇದೂ ಕಾಪಾಡುತ್ತಿರಲಿಲ್ಲ. ಕನ್ನಡದ ಫ್ಲ್ಯಾಗ್ ನಿಜವಾಗಿಯೂ ಆನ್ ಆಗಿತ್ತು. ಅಲ್ಲಿ ಕಾಪಾಡಬಹುದಾಗಿದ್ದದ್ದು ಪಟ್ಟಿ ಓದುವ ಎರಡು ನಿಮಿಷ ಮಾತ್ರ. ಪ್ರಿಟೆಂಡ್ ಕೊಟ್ಟ ಪಟ್ಟಿಯನ್ನು ಪೈಪ್ ಮಾಡಿ ‘ಜೆನ್‌ಲಾಪ್ --ಪ್ರಿಟೆಂಡ್’ಗೆ ಕೊಟ್ಟರೆ, ಹಿಂದಿನ ಸಲ ನಿಮ್ಮದೇ ಯಂತ್ರದಲ್ಲಿ ಹಿಡಿದ ಸಮಯ ನೋಡಿ ಅಂದಾಜು ಗಂಟೆ ಹೇಳುತ್ತದೆ. ಹದಿನೆಂಟು ಗಂಟೆ ಎಂದು ಕಂಡಿದ್ದರೆ ಯಾರೂ ಒಪ್ಪಿಗೆ ಒತ್ತುತ್ತಿರಲಿಲ್ಲ.

ಮೂರನೆಯದು ಮೆಮೊರಿ. ಎಂಟು ಥ್ರೆಡ್ ಇದೆಯೆಂದು, ಎಷ್ಟು ಕಂಪೈಲ್ ಕೆಲಸಗಳು (ಜಾಬ್) ಒಟ್ಟಿಗೆ ಓಡಬೇಕು ಎಂದು ಹೇಳುವ ಮೇಕ್‌ಆಪ್ಟ್ಸ್‌ನಲ್ಲಿ -ಜೆ8 ಹಾಕಿದ್ದರು. ಒಂದು ಜಾಬಿಗೆ 2 ಜಿಬಿ ರ‍್ಯಾಮ್ ಎಂದು ಲೆಕ್ಕ ಹಿಡಿಯಿರಿ. 8 ಜಿಬಿಗೆ ನಾಲ್ಕೇ ಜಾಬ್. ಮೀರಿದರೆ ಕರ್ನೆಲ್ ಕಂಪೈಲರನ್ನು ಕೊಲ್ಲುತ್ತದೆ. ಲಾಗಿನಲ್ಲಿ ‘ಕಿಲ್ಡ್’ ಎಂಬ ಪದ, ಪಕ್ಕದಲ್ಲಿ ಕಂಪೈಲರಿನ ಭಾಗವಾದ ಸಿಸಿ1ಪ್ಲಸ್ ಹೆಸರು ಕಂಡರೆ ಅದು ಸೋರ್ಸ್ ಕೋಡಿನ ದೋಷವಲ್ಲ, ಮೆಮೊರಿಯ ಕೊರತೆ. ಹಾಗೆಯೇ ಮತ್ತೆ ಓಡಿಸಿದರೆ ಅದೇ ಜಾಗಕ್ಕೆ ಬಂದು ಮತ್ತೆ ಸಾಯುತ್ತದೆ. ಎಷ್ಟು ಪ್ಯಾಕೇಜು ಒಟ್ಟಿಗೆ ಕಟ್ಟಬೇಕು ಎನ್ನುವ ಇಮರ್ಜ್‌ನ --ಜಾಬ್ಸ್ ಆಯ್ಕೆ ಇದರ ಮೇಲೆ ಗುಣಾಕಾರವಾಗುತ್ತದೆ: ಅಲ್ಲಿ 2, ಮೇಕ್‌ಆಪ್ಟ್ಸ್‌ನಲ್ಲಿ 4 ಇದ್ದರೆ ಎಂಟು ಕಂಪೈಲರುಗಳು ಒಟ್ಟಿಗೆ ಓಡಬಹುದು. ಭಾರದ ಪ್ಯಾಕೇಜುಗಳಿಗೆ ಮಾತ್ರ -ಜೆ2 ಬೇಕಾದರೆ ಪೋರ್ಟೇಜಿನ ಎನ್ವ್ ಕಡತಕೋಶದಲ್ಲಿ ಆ ಸಾಲಿನ ಕಡತವೊಂದನ್ನು ಮಾಡಿ, ಪ್ಯಾಕೇಜ್.ಎನ್ವ್‌ನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಆ ಕಡತದ ಹೆಸರು ಬರೆಯಿರಿ. 8 ಜಿಬಿ ಯಂತ್ರದಲ್ಲಿ ಕಟ್ಟುವ ಜಾಗವನ್ನು ರ‍್ಯಾಮಿನಲ್ಲಿ, ಅಂದರೆ ಟಿಎಂಪಿಎಫ್ಎಸ್‌ನಲ್ಲಿ ಇಡಬೇಡಿ. ಕ್ರೋಮಿಯಂ ಒಂದಕ್ಕೇ 10 ಜಿಬಿಗಿಂತ ಹೆಚ್ಚು ಜಾಗ ಬೇಕು.

ನಾಲ್ಕನೆಯದು ಕರೆಂಟು ಹೋದ ಮೇಲಿನ ಎಂಪ್ಟಿಟ್ರೀ. ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಇದು, ಎಲ್ಲಕ್ಕಿಂತ ಕಡಿಮೆ ಅಗತ್ಯವಿದ್ದದ್ದೂ ಇದೇ. ಪೋರ್ಟೇಜ್ ಕಂಪೈಲ್ ಮಾಡುವುದು ವಾರ್ ಟಿಎಂಪಿ ಕೆಳಗಿನ ತನ್ನದೇ ಜಾಗದಲ್ಲಿ. ಪೂರ್ತಿ ಮುಗಿದ ಮೇಲಷ್ಟೇ ಕಡತಗಳು ನಿಜವಾದ ಜಾಗಕ್ಕೆ ಬರುತ್ತವೆ. ಕಂಪೈಲ್ ನಡುವೆ ಕರೆಂಟು ಹೋದರೆ ಆ ಒಂದು ಪ್ಯಾಕೇಜಿನ ಶ್ರಮ ಹೋಗುತ್ತದೆ, ಹಳೆಯ ಬ್ರೌಸರ್ ಹಾಗೇ ಇರುತ್ತದೆ. ಅಪಾಯ ಇರುವುದು ಕಡತಗಳು ಜಾಗಕ್ಕೆ ಬರುವ ಆ ಚಿಕ್ಕ ಅವಧಿಯಲ್ಲಿ ಹೋದರೆ ಮಾತ್ರ. ಆ ಅನುಮಾನವಿದ್ದರೆ ಪೋರ್ಟೇಜ್-ಯುಟಿಲ್ಸ್‌ನ ‘ಕ್ಯೂಚೆಕ್’ ಓಡಿಸಿ. ಅದು ಒಂದೊಂದು ಕಡತದ ಚೆಕ್‌ಸಮ್ ಹೋಲಿಸಿ ಕೆಟ್ಟದ್ದನ್ನು ಹೆಸರಿಸುತ್ತದೆ. ನೀವೇ ತಿದ್ದಿದ ಸೆಟ್ಟಿಂಗ್ ಕಡತಗಳೂ ಅದರಲ್ಲಿ ಕಾಣುತ್ತವೆ, ಗಾಬರಿಯಾಗಬೇಡಿ. ನಿಜವಾಗಿ ಕೆಟ್ಟ ಪ್ಯಾಕೇಜುಗಳನ್ನು ಮಾತ್ರ --ಒನ್‌ಶಾಟ್ ಹಾಕಿ ಕಟ್ಟಿ. ಒನ್‌ಶಾಟ್ ಮರೆತರೆ ಆ ಹೆಸರು ವರ್ಲ್ಡ್ ಕಡತಕ್ಕೆ (ನಾವೇ ಕೇಳಿ ಹಾಕಿಕೊಂಡ ಪ್ಯಾಕೇಜುಗಳ ಪಟ್ಟಿಗೆ) ಸೇರಿಕೊಂಡು, ಮುಂದೆ ಬೇಡವಾದರೂ ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಕಟ್ಟಿಸಿಕೊಳ್ಳುತ್ತದೆ.

ನಿಂತ ಕೆಲಸ ಮುಂದುವರಿಸಲು ‘ಇಮರ್ಜ್ --ರೆಸ್ಯೂಮ್’. ಇದರಿಂದ ಪಟ್ಟಿಯಲ್ಲಿ ಮುಗಿದವು ಬಿಟ್ಟು ಉಳಿದವು ಮುಂದುವರಿಯುತ್ತವೆ. ಅರ್ಧಕ್ಕೆ ನಿಂತ ಪ್ಯಾಕೇಜ್ ಮಾತ್ರ ಮೊದಲಿನಿಂದ. ನಡುವೆ ಬೇರೆ ಇಮರ್ಜ್ ಓಡಿಸಿದರೆ ಹಳೆಯ ಪಟ್ಟಿ ಕೈತಪ್ಪಬಹುದು, ಆದ್ದರಿಂದ ಕರೆಂಟು ಬಂದ ಕೂಡಲೇ ಮೊದಲು ಇದನ್ನೇ ಮಾಡಿ. ಎಂಪ್ಟಿಟ್ರೀಯನ್ನು ಮತ್ತೆ ಕೊಟ್ಟರೆ ಮುಗಿದವೂ ಸೇರಿ ಎಲ್ಲ ಮತ್ತೆ ಶುರು. ಭಾನುವಾರ ಎರಡು ಸಲ ಆದದ್ದು ಅದೇ.

ಎಂಪ್ಟಿಟ್ರೀ ಯಾವಾಗಲೂ ತಪ್ಪು ಎಂದಲ್ಲ. 2024ರಲ್ಲಿ 23.0 ಪ್ರೊಫೈಲಿಗೆ (ಜೆಂಟೂವಿನ ಮೂಲ ಸೆಟ್ಟಿಂಗುಗಳ ಹೊಸ ಕಟ್ಟಿಗೆ) ಬದಲಾಗುವಾಗ ಜೆಂಟೂ ಸೂಚನೆಯಲ್ಲೇ ಅದನ್ನು ಮಾಡಲು ಹೇಳಿದ್ದರು, ಮಾಡಬೇಕಿತ್ತು. ಸಣ್ಣಕ್ಷರದ ‘ಆರ್’ ಜೊತೆ ಬರುವ ಮರುನಿರ್ಮಾಣಗಳನ್ನೂ ತಪ್ಪಿಸಬೇಡಿ. ಲೈಬ್ರರಿಯೊಂದರ ಸಬ್‌ಸ್ಲಾಟ್ (ಹೊಂದಾಣಿಕೆಯ ಗುರುತು) ಬದಲಾದಾಗ ಅದನ್ನು ನಂಬಿದ ಪ್ರೋಗ್ರಾಮುಗಳನ್ನು ಹೊಸ ಲೈಬ್ರರಿಗೆ ಹೊಂದಿಸಿ ಕಟ್ಟದಿದ್ದರೆ ಅವು ತೆರೆಯದೇ ಹೋಗಬಹುದು. ಇದನ್ನು ತಡೆಯುವ ಆಯ್ಕೆಯೊಂದಿದೆ. ಅದನ್ನು ಸೂಚಿಸುವವರ ಮಾತು ಕೇಳಬೇಡಿ. ಅಪ್‌ಡೇಟ್ ಮುಗಿದ ಮೇಲೆ @ಪ್ರಿಸರ್ವ್ಡ್-ರೀಬಿಲ್ಡ್ ಓಡಿಸಿ ಎಂದು ಹೇಳಿದರೆ ಓಡಿಸಿ. ಪೈಥಾನ್ ಆವೃತ್ತಿ ಬದಲಾದಾಗ ಪೈಥಾನ್ ಪ್ಯಾಕೇಜುಗಳೆಲ್ಲ ಮತ್ತೆ ಕಟ್ಟಿಕೊಳ್ಳುವುದೂ ಇದೇ ರೀತಿ ನ್ಯಾಯವಾದದ್ದು.

ಇಷ್ಟರ ಮೇಲೆ ಆ ಲ್ಯಾಬಿನ ಮೂಲ ವ್ಯವಸ್ಥೆಯೇ ದಂಡದ್ದಾಗಿತ್ತು: ಒಂದೇ ಪ್ಯಾಕೇಜನ್ನು ಎಂಟು ಯಂತ್ರಗಳೂ ಪ್ರತ್ಯೇಕವಾಗಿ ಕಟ್ಟುತ್ತಿದ್ದವು. ಒಂದು ಮನೆಯಲ್ಲಿ ಎಂಟು ಜನ ಎಂಟು ಸಲ ದೋಸೆಗೆ ಹಿಟ್ಟು ರುಬ್ಬುವುದಿಲ್ಲ. ಒಂದು ಯಂತ್ರದ ಫೀಚರ್ಸ್ ಸಾಲಿನಲ್ಲಿ ‘ಬಿಲ್ಡ್‌ಪಿಕೆಜಿ’ ಹಾಕಿದರೆ ಕಟ್ಟಿದ್ದೆಲ್ಲ ಬೈನರಿ ಪ್ಯಾಕೇಜಾಗಿಯೂ (ಕಂಪೈಲ್ ಮುಗಿದ ಸಿದ್ಧ ರೂಪವಾಗಿಯೂ) ಉಳಿಯುತ್ತದೆ. ಆ ಕಡತಕೋಶವನ್ನು ಎನ್ಎಫ್ಎಸ್ (ನೆಟ್‌ವರ್ಕಿನಲ್ಲಿ ಕಡತ ಹಂಚುವ ವ್ಯವಸ್ಥೆ) ಮೂಲಕ ಉಳಿದ ಏಳಕ್ಕೆ ಹಂಚಿ, ಅಲ್ಲಿ --ಯೂಸ್‌ಪಿಕೆಜಿಓನ್ಲಿ ಬಳಸಿ. ಕೊನೆಯ ‘ಓನ್ಲಿ’ ಮುಖ್ಯ. ಅದಿಲ್ಲದೆ ಬರೀ ಯೂಸ್‌ಪಿಕೆಜಿ ಎಂದರೆ ಹೊಂದುವ ಬೈನರಿ ಸಿಗದಾಗ ಪೋರ್ಟೇಜ್ ಸೋರ್ಸಿನಿಂದ ಕಟ್ಟಲು ಹೊರಡುತ್ತದೆ. ಓನ್ಲಿ ಇದ್ದರೆ ಸೋರ್ಸಿನಿಂದ ಕಟ್ಟಲು ಹೋಗುವುದೇ ಇಲ್ಲ. ಎಂಟರಲ್ಲೂ ಯೂಸ್ ಫ್ಲ್ಯಾಗುಗಳು ಒಂದೇ ಇರಬೇಕು. ಕಂಪೈಲರಿಗೆ ಕೊಡುವ ಆಯ್ಕೆಗಳ ಸಾಲಾದ ಸಿಫ್ಲ್ಯಾಗ್ಸ್‌ನಲ್ಲಿ -ಮಾರ್ಚ್=ನೇಟಿವ್ (ಕಟ್ಟುವ ಯಂತ್ರದ ಪ್ರೊಸೆಸರಿಗೆ ತಕ್ಕಂತೆ ಕಟ್ಟು ಎಂಬ ಆಯ್ಕೆ) ಇರಬಾರದು. ಹೊಸ ಪ್ರೊಸೆಸರಿನಲ್ಲಿ ಕಟ್ಟಿದ್ದು ಹಳೆಯದರಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬೀಳುತ್ತದೆ. ಎಲ್ಲಕ್ಕಿಂತ ಹಳೆಯ ಪ್ರೊಸೆಸರಿಗೆ ಹೊಂದುವ ಮಟ್ಟ ಇಡಿ, ಸಿಪಿಯು ಫ್ಲ್ಯಾಗುಗಳ ಸಾಲನ್ನೂ ಅದಕ್ಕೇ ಹೊಂದಿಸಿ.

2023ರ ಡಿಸೆಂಬರಿನಿಂದ ಜೆಂಟೂ ತಾನೇ ಎಎಂಡಿ64 ಮತ್ತು ಆರ್ಮ್64 ಯಂತ್ರಗಳಿಗೆ ಸಿದ್ಧ ಬೈನರಿ ಪ್ಯಾಕೇಜುಗಳನ್ನು ಕೊಡುತ್ತಿದೆ. --ಗೆಟ್‌ಬಿನ್‌ಪಿಕೆಜಿ ಹಾಕಿದರೆ ನಿಮ್ಮ ಫ್ಲ್ಯಾಗುಗಳಿಗೆ ಹೊಂದುವುದು ಇಳಿಯುತ್ತದೆ, ಉಳಿದದ್ದನ್ನು ಕಟ್ಟಿಕೊಳ್ಳುತ್ತದೆ. ಫ್ಲ್ಯಾಗುಗಳನ್ನು ಕಡಿಮೆ ಬದಲಿಸಿದಷ್ಟೂ ಹೆಚ್ಚು ಹೊಂದುತ್ತವೆ. ಫೈರ್‌ಫಾಕ್ಸ್, ರಸ್ಟ್, ಲಿಬ್ರೆಆಫೀಸ್‌ಗಳಿಗೆ ಹೆಸರಿನ ಕೊನೆಗೆ ‘-ಬಿನ್’ ಇರುವ ಸಿದ್ಧ ರೂಪಗಳೂ ಇವೆ. ತರಗತಿಯ ಯಂತ್ರಕ್ಕೆ ಅವು ಧಾರಾಳ ಸಾಕು.

ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಶ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದೇ ಆವೃತ್ತಿಯನ್ನು ಮತ್ತೆ ಕಟ್ಟುವಾಗ ಒಳ್ಳೆಯ ಉಪಕಾರ, ಹೊಸ ಆವೃತ್ತಿಗೆ ಅಷ್ಟಿಲ್ಲ, ಫೈರ್‌ಫಾಕ್ಸ್‌ನ ರಸ್ಟ್ ಭಾಗಕ್ಕೆ ಏನೂ ಇಲ್ಲ. ಅದರ ಮೂಲ ಮಿತಿ 5 ಜಿಬಿ. ಎರಡು ಬ್ರೌಸರ್ ಕಟ್ಟುವವರು ಮಿತಿ ಏರಿಸದಿದ್ದರೆ ಒಂದರದ್ದು ಇನ್ನೊಂದನ್ನು ಹೊರಗೆ ನೂಕುತ್ತಿರುತ್ತದೆ.

ಇದನ್ನು ಓದುವ ಹೊತ್ತಿಗೆ ಯಾರದಾದರೂ ಯಂತ್ರದಲ್ಲಿ ಇಂಥ ಕಂಪೈಲ್ ಶುರುವಾಗಿಬಿಟ್ಟಿದ್ದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಕಂಪೈಲ್ ಹಂತದಲ್ಲಿ ನಿಲ್ಲಿಸುವುದರಿಂದ ಏನೂ ಕೆಡುವುದಿಲ್ಲ. ಮೇಕ್.ಕಾನ್ಫ್‌ನ ಸಾಲನ್ನು ಹಿಂದಿನಂತೆ ಮಾಡಿ. ಆದರೆ ಆಗಲೇ ಫೈರ್‌ಫಾಕ್ಸ್ ಕನ್ನಡದ ಫ್ಲ್ಯಾಗ್ ಸಮೇತ ಕಟ್ಟಿ ಮುಗಿದಿದ್ದರೆ ಜೋಕೆ: ಸಾಲು ತೆಗೆದ ಕೂಡಲೇ ಪೋರ್ಟೇಜಿಗೆ ಫ್ಲ್ಯಾಗ್ ಮತ್ತೆ ಬದಲಾದಂತೆ ಕಂಡು, ಕನ್ನಡ ತೆಗೆಯಲಿಕ್ಕೆ ಇನ್ನೊಂದು ಸಲ ಕಟ್ಟುತ್ತದೆ. ಮುಗಿದ ಪ್ಯಾಕೇಜುಗಳಿಗೆ ಮಾತ್ರ ಆ ಫ್ಲ್ಯಾಗನ್ನು ಪ್ಯಾಕೇಜ್.ಯೂಸ್‌ನಲ್ಲಿ ಬರೆದಿಟ್ಟು, ಮತ್ತೊಮ್ಮೆ ಪ್ರಿಟೆಂಡ್ ಓಡಿಸಿ, ಪಟ್ಟಿಯಲ್ಲಿ ಬರೀ ‘ಆರ್’ ಇರುವ ಸಾಲು ಉಳಿದಿಲ್ಲ ಎಂದು ನೋಡಿಕೊಂಡ ಮೇಲೆ ಅಪ್‌ಡೇಟ್ ಮುಂದುವರಿಸಿ.