ಅಟ್ಟದಿಂದ ಇಳಿಸಿದ ಪೆಂಟಿಯಂ 3: ಹಳೇ ಗೇಮ್‌ಗಳಿಗೆಂದೇ ಒಂದು ಕಂಪ್ಯೂಟರ್, ಮೂರು ವರ್ಷದ ನಂತರ

ಮೊದಲೇ ಹೇಳಿಬಿಡುತ್ತೇನೆ. ಹಳೇ ಗೇಮ್ ಆಡಬೇಕು ಅನ್ನೋದಷ್ಟೇ ಆಸೆಯಾದರೆ ಇಷ್ಟೆಲ್ಲ ರಗಳೆ ಬೇಡ. ಈಗಿನ ಲ್ಯಾಪ್‌ಟಾಪ್‌ನಲ್ಲೇ ಮುಕ್ಕಾಲು ಪಾಲು ಆಗುತ್ತದೆ. ನಾನು ಮೂರು ವರ್ಷದಿಂದ ತುಮಕೂರಿನ ಮನೆಯಲ್ಲಿ ಒಂದು ಪೆಂಟಿಯಂ 3 ಸಾಕುತ್ತಿದ್ದೇನೆ. ಸಾಕುತ್ತಿದ್ದೇನೆ ಅಂತ ಬೇಕೆಂದೇ ಬರೆದೆ. ಮುದಿ ಹಸು ಇದ್ದ ಹಾಗೆ ಇದು. ಹಾಲು ಯಾವಾಗಲೋ ಒಮ್ಮೆ, ಆರೈಕೆ ಮಾತ್ರ ದಿನಾ.

ಶುರುವಾಗಿದ್ದು ಏಜ್ ಆಫ್ ಎಂಪೈರ್ಸ್ 2ರಿಂದ. 1999ರ ಗೇಮ್, ಹಳೇ ಸಿಡಿ ಮನೆಯಲ್ಲೇ ಇತ್ತು. ವಿಂಡೋಸ್ 7 ಇದ್ದ ಲ್ಯಾಪ್‌ಟಾಪ್‌ಗೆ ಹಾಕಿದರೆ ಹುಲ್ಲು ನೇರಳೆ, ನೀರು ಕೆಂಪು! ಆ ಗೇಮ್ 256 ಬಣ್ಣಗಳ ಒಂದು ಪಟ್ಟಿ ಇಟ್ಟುಕೊಂಡು ಓಡುತ್ತದೆ. ಹಿಂದುಗಡೆ ಓಡುತ್ತಿರುವ ಎಕ್ಸ್‌ಪ್ಲೋರರ್ ಅದೇ ಪಟ್ಟಿಗೆ ಕೈ ಹಾಕುತ್ತದೆ. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪ್ಲೋರರ್ ನಿಲ್ಲಿಸಿದರೆ ಬಣ್ಣ ಸರಿಹೋಗುತ್ತದೆ. ಅದು ಹೇಗೋ ಆಯಿತು. ಬೇರೆ ಕೆಲವು ಸಿಡಿಗಳಲ್ಲಿ ಗೇಮ್ 32 ಬಿಟ್, ಇನ್‌ಸ್ಟಾಲರ್ ಮಾತ್ರ ಇನ್ನೂ ಹಳೇ ಕಾಲದ 16 ಬಿಟ್. 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ. ಇನ್ನು ನಕಲು ಮಾಡದಂತೆ ತಡೆಯುವ ಸೇಫ್‌ಡಿಸ್ಕ್ ಎಂಬ ಬೀಗ ಇರುವ ಸಿಡಿಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ. ಆ ಬೀಗದ ಡ್ರೈವರ್‌ನಿಂದ ಭದ್ರತೆಗೆ ತೊಂದರೆ ಅಂತ 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ದುಡ್ಡು ಕೊಟ್ಟು ತಂದ ಒರಿಜಿನಲ್ ಸಿಡಿಗೆ ಈ ಗತಿ. ಬೀಗ ಒಡೆದ ಕಳ್ಳ ಸಿಡಿಗೆ ಈ ತಾಪತ್ರಯವೇ ಇಲ್ಲ. ನಗು ಬರುತ್ತೆ ಅಲ್ವಾ?

ಮಷಿನ್ ಸಿಕ್ಕಿದ್ದು ಟೌನ್‌ಹಾಲ್ ಸರ್ಕಲ್ ಹತ್ತಿರ ನನ್ನ ಸೋದರಮಾವ ನಡೆಸುತ್ತಿದ್ದ ಡಿಟಿಪಿ ಅಂಗಡಿಯ ಅಟ್ಟದಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್, ಚುನಾವಣೆ ಬಂದರೆ ಕರಪತ್ರ, ಎಲ್ಲ ಮಾಡಿದ್ದ ಕಂಪ್ಯೂಟರ್ ಅದು. ಅಂಗಡಿ ಖಾಲಿ ಮಾಡುವಾಗ ಫೋನ್ ಮಾಡಿದರು. "ಲೋ, ಗುಜರಿಯವನು ಬಾಗಿಲಲ್ಲೇ ನಿಂತವ್ನೆ. ಬೇಕಾದ್ರೆ ಈಗ್ಲೇ ಬಂದು ಎತ್ಕೊಂಡ್ ಹೋಗು, ಆಮೇಲೆ ಅಯ್ಯೋ ಮಾವ ಅನ್ಬೇಡ." ಸ್ಕೂಟರ್ ಮುಂದೆ ಕ್ಯಾಬಿನೆಟ್ ಇಟ್ಟುಕೊಂಡು ಮನೆಗೆ ತಂದೆ.

800 ಮೆಗಾಹರ್ಟ್ಸ್ ಪೆಂಟಿಯಂ 3, ಇಂಟೆಲ್ 815 ಚಿಪ್‌ಸೆಟ್, 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್ ಡಿಸ್ಕ್. ರ‍್ಯಾಮ್ ಇನ್ನೊಂದು ಕಡ್ಡಿ ಸಿಕ್ಕಿ 256 ಆಯಿತು, ಅಲ್ಲಿಗೇ ನಿಲ್ಲಿಸಿದೆ. ವಿಂಡೋಸ್ 98ಕ್ಕೆ 512 ಎಂಬಿ ದಾಟಿದರೆ ಅಜೀರ್ಣ ಆಗುತ್ತದೆ. ಜಾಸ್ತಿ ಹಾಕಿದರೆ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಮುಚ್ಚಳ ತೆಗೆದಾಗ ಪ್ರೊಸೆಸರ್ ಪಕ್ಕದ ಆರು ಕೆಪಾಸಿಟರ್‌ಗಳ (ಕರೆಂಟಿನ ಏರಿಳಿತ ಸರಿಮಾಡುವ ಪುಟ್ಟ ಡಬ್ಬಿಗಳು) ತಲೆ ಪೂರಿಯ ಹಾಗೆ ಊದಿತ್ತು. ಎರಡರ ಬುಡದಲ್ಲಿ ಕಂದು ಬಣ್ಣದ ಕಲೆ ಒಣಗಿ ಹಿಡಿದಿತ್ತು. 2000ದ ಆಸುಪಾಸಿನ ಮದರ್‌ಬೋರ್ಡ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಆಗ ಒಳಗಿನ ದ್ರಾವಣವೇ ಕಳಪೆಯಾಗಿದ್ದ ಕೆಪಾಸಿಟರ್‌ಗಳು ಮಾರುಕಟ್ಟೆಗೆ ಬಂದು ಎಷ್ಟೋ ಕಂಪನಿಗಳ ಬೋರ್ಡ್ ಹಾಳಾದವು. ಗುಬ್ಬಿ ಗೇಟ್ ಕಡೆ ಟಿವಿ ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆ. ಅವರು ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಕಿತ್ತು, 105 ಡಿಗ್ರಿ ತಡೆಯುವ ಹೊಸವನ್ನು ಕೂರಿಸಿದರು. ಸಾಮಾನು, ಕೂಲಿ ಸೇರಿ ನಾನೂರು ರೂಪಾಯಿ. ಇಡೀ ಯೋಜನೆಯಲ್ಲಿ ಅತಿ ಸಾರ್ಥಕ ಖರ್ಚು ಇದೇ.

ಅತಿ ದಂಡದ ಖರ್ಚು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಹಂಚುವ ಡಬ್ಬಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 450 ವ್ಯಾಟ್ ಅಂತ ಬರೆದಿದ್ದ ಹೊಸ ಡಬ್ಬಿಯನ್ನು 650 ರೂಪಾಯಿಗೆ ತಂದೆ. ಕೈಗೆ ತೆಗೆದುಕೊಂಡಾಗಲೇ ಹಗುರ ಅನಿಸಿತ್ತು. ಸುಮ್ನೆ ಇದ್ದೆ. ಮನೆಯಲ್ಲಿ ವಿಂಡೋಸ್ ಚೆನ್ನಾಗಿ ಬರುತ್ತಿತ್ತು. ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಮಷಿನ್ ತಾನಾಗೇ ರೀಸ್ಟಾರ್ಟ್. ವಿಂಡೋಸ್ 98ನ್ನು ಬೈದೆ. ಮೂರು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ. ಒಂದು ತಿಂಗಳು ಹೀಗೇ ಹೋಯಿತು.

ಕೊನೆಗೆ ಅದೇ ಟಿವಿಯವರು ಗೇಮ್ ಓಡುತ್ತಿರುವಾಗಲೇ ಕೆಂಪು ತಂತಿಗೆ ಮೀಟರ್ ಹಿಡಿದರು. 5 ವೋಲ್ಟ್ ಇರಬೇಕಾದ ಕಡೆ 4.6. ಶೇ. 5ಕ್ಕಿಂತ ಜಾಸ್ತಿ ಇಳಿಯಬಾರದು, ಅಂದರೆ 4.75 ಕೊನೆಯ ಗಡಿ. ವಿಷಯ ಇಷ್ಟೇ: ಪೆಂಟಿಯಂ 3 ಕಾಲದ ಬೋರ್ಡ್‌ಗಳು ಪ್ರೊಸೆಸರ್‌ಗೆ ಬೇಕಾದ ಕರೆಂಟನ್ನು ಹೆಚ್ಚಾಗಿ 5 ವೋಲ್ಟ್‌ನ ಕೆಂಪು ತಂತಿಯಿಂದ ಎಳೆಯುತ್ತವೆ. ಈಗಿನ ಕಂಪ್ಯೂಟರ್‌ಗಳು 12 ವೋಲ್ಟ್‌ನ ಹಳದಿ ತಂತಿಯಿಂದ ಎಳೆಯುತ್ತವೆ. ಹಾಗಾಗಿ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಂಪು ತಂತಿಗೆ ಬಲ ಕಮ್ಮಿ. ಅಗ್ಗದ್ದಾದರೆ ಕೇಳೋದೇ ಬೇಡ. ಡಬ್ಬಿ ಮೇಲಿನ ವ್ಯಾಟ್ ನೋಡಬೇಡಿ. 5 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ. ನಾನು ಆಮೇಲೆ 30 ಆಂಪಿಯರ್ ಕೊಡುವ ಹಳೇ ಎಸ್‌ಎಂಪಿಎಸ್ ಹುಡುಕಿ 1,900 ಕೊಟ್ಟೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ. ಪಾಪ, ವಿಂಡೋಸನ್ನು ಸುಮ್ಮಸುಮ್ಮನೆ ಬೈದಿದ್ದೆ.

ಗ್ರಾಫಿಕ್ಸ್‌ಗೆ ಜಿಫೋರ್ಸ್ 2 ಎಂಎಕ್ಸ್ 400. ವೂಡೂ ಕಾರ್ಡ್ ಹಾಕಬೇಕಿತ್ತು ಅಂತ ಬಲ್ಲವರು ಹೇಳುತ್ತಾರೆ. ವೂಡೂಗೆಂದೇ ಇದ್ದ ಗ್ಲೈಡ್ ಎಂಬ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಓಡುವ ಗೇಮ್‌ಗಳಿಗೆ ಅದು ಬೇಕು ನಿಜ. ಆದರೆ ಅದನ್ನು ಮಾಡುತ್ತಿದ್ದ 3ಡಿಎಫ್‌ಎಕ್ಸ್ ಕಂಪನಿ 2000ದ ಕೊನೆಗೇ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿ ಅಂಗಡಿ ಮುಚ್ಚುವ ದಾರಿ ಹಿಡಿದಿತ್ತು. ಈಗ ಆ ಕಾರ್ಡ್‌ಗೆ ಕೇಳುವ ದುಡ್ಡಿಗೆ ನನ್ನ ಇಡೀ ಮಷಿನ್ ಎರಡು ಸಲ ಕಟ್ಟಬಹುದು. ಬೇಡ ಅಂತ ಬಿಟ್ಟೆ, ಮೂರು ವರ್ಷದಲ್ಲಿ ಕೊರತೆ ಕಂಡಿಲ್ಲ.

ಸೌಂಡ್ ಕಾರ್ಡ್ ಮಾತ್ರ ಒಳ್ಳೆಯದೇ ಹಾಕಿ. ನನ್ನದು ಸೌಂಡ್ ಬ್ಲಾಸ್ಟರ್ ಲೈವ್. ಅದನ್ನು ಹಾಕಿದ ಮೇಲೂ 1996ರ ಕ್ವೇಕ್‌ನಲ್ಲಿ ಗುಂಡಿನ ಸದ್ದು ಇದೆ, ಸಂಗೀತ ಇಲ್ಲ! ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಆ ಗೇಮ್‌ನ ಸಂಗೀತ ಸಿಡಿಯಲ್ಲಿ ಹಾಡಿನ ಟ್ರ್ಯಾಕ್ ಆಗಿಯೇ ಇರುತ್ತದೆ. ಸಿಡಿ ಡ್ರೈವ್ ಅದನ್ನು ತಾನೇ ನುಡಿಸಿ, ಒಂದು ಬೆರಳು ದಪ್ಪದ ಪುಟ್ಟ ಪ್ಲಗ್ ಇರುವ ನಾಲ್ಕು ಪಿನ್ನಿನ ತಂತಿಯಲ್ಲಿ ಸೌಂಡ್ ಕಾರ್ಡ್‌ಗೆ ಕಳಿಸುತ್ತದೆ. ಆ ತಂತಿಯೇ ನನ್ನ ಮಷಿನ್‌ನಲ್ಲಿ ಇರಲಿಲ್ಲ. ಲಗ್ನಪತ್ರಿಕೆ ಮಾಡೋ ಕಂಪ್ಯೂಟರ್‌ಗೆ ಹಾಡು ಯಾಕೆ ಅಂತ ಮಾವ ಹಾಕಿಸಿರಲಿಲ್ಲವಂತೆ. ಟಿವಿಯವರ ಡಬ್ಬದಲ್ಲಿ ಅಂಥ ತಂತಿ ಐದಾರು ಬಿದ್ದಿದ್ದವು. ದುಡ್ಡು ತೆಗೆದುಕೊಳ್ಳಲಿಲ್ಲ.

ಹಳೇ ಹಾರ್ಡ್ ಡಿಸ್ಕ್ ಕೆಲಸ ಮಾಡುತ್ತಿದ್ದರೂ ಕಲ್ಲು ಅರೆದಂತೆ ಸದ್ದು. ಅದರ ಬದಲು 16 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಅದನ್ನು ಹಾರ್ಡ್ ಡಿಸ್ಕ್‌ನ ಐಡಿಇ ಕೇಬಲ್‌ಗೆ ಸಿಕ್ಕಿಸುವ ಒಂದು ಅಡಾಪ್ಟರ್ ಹಾಕಿದೆ. ಸದ್ದೇ ಇಲ್ಲ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ವಿಂಡೋಸ್ 98ಗೆ ಪೆನ್‌ಡ್ರೈವ್ ಚುಚ್ಚಿದರೆ ಡ್ರೈವರ್ ಎಲ್ಲಿ ಅಂತ ಕೇಳುತ್ತದೆ. ನಾನು ಮಷಿನ್ ಆರಿಸಿ, ಕಾರ್ಡ್ ಎಳೆದು, ಲ್ಯಾಪ್‌ಟಾಪ್‌ನ ಕಾರ್ಡ್ ರೀಡರ್‌ಗೆ ಹಾಕಿ ಫೈಲ್ ತುಂಬಿಸುತ್ತೇನೆ. ಹಳೇ ಡಿಸ್ಕನ್ನು ಎಸೆಯುವ ಮುಂಚೆ ಒಳಗೆ ನೋಡಿದೆ. ಪೇಜ್‌ಮೇಕರ್ ಫೈಲ್‌ಗಳು, ಎಲ್ಲ ಮದುವೆಗಳೇ. ಒಂದು ಫೋಲ್ಡರ್‌ನಲ್ಲಿ ನಮ್ಮ ಅಕ್ಕನ ಲಗ್ನಪತ್ರಿಕೆ, ಮೂರು ಕರಡು. ಮೊದಲನೆಯದರಲ್ಲಿ ಭಾವನ ಇನಿಷಿಯಲ್ ತಪ್ಪಿತ್ತು. ಡಿಸ್ಕ್ ಎಸೆಯಲಿಲ್ಲ, ಬೀರುವಿನಲ್ಲಿದೆ.

ಮಾನಿಟರ್ 17 ಇಂಚಿನ ಡಬ್ಬ, ಹಳೇ ಟಿವಿಯಂಥ ಗಾಜಿನ ಕೊಳವೆಯ ಸಿಆರ್‌ಟಿ. ಮುಚ್ಚಿಹೋದ ಒಂದು ಸೈಬರ್ ಕೆಫೆಯಿಂದ ಐನೂರಕ್ಕೆ ತಂದದ್ದು. ಆಟೋದವನು ಅದರ ಭಾರ ನೋಡಿ ನೂರೈವತ್ತು ಕೇಳಿದ. ಪರದೆ ಪೂರ್ತಿ ಬಿಳಿ ಆದಾಗ ಬಲಗಡೆ ಮೇಲ್ಮೂಲೆಯಲ್ಲಿ ತೆಳುವಾಗಿ ಒಂದು ಚೌಕ ಕಾಣುತ್ತದೆ. ಕೆಫೆಯ ಟೈಮರ್ ವರ್ಷಗಟ್ಟಲೆ ಅಲ್ಲೇ ಕೂತು ಬಿಟ್ಟುಹೋದ ಗುರುತು. 800 x 600ರಲ್ಲಿ 85 ಹರ್ಟ್ಸ್ ಇಟ್ಟು ಆಡಿದರೆ ಕಣ್ಣಿಗೆ ಹಿತ. ಈ ಗೇಮ್‌ಗಳ ಚಿತ್ರ ಹೊಸ ಎಲ್‌ಇಡಿ ಪರದೆಯಲ್ಲಿ ಹಿಗ್ಗಿ ಮಂಜಾಗುತ್ತದೆ, ಇದರಲ್ಲಿ ಚುರುಕಾಗಿ ಕೂರುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಹಳೆಯದರ ವೇಷ ಹಾಕುವ ಎಮ್ಯುಲೇಟರ್ ಸಾಫ್ಟ್‌ವೇರ್‌ನಲ್ಲಿ ನನಗೆ ಸಿಗದೇ ಇದ್ದದ್ದು ಇದೊಂದೇ. ಅಕ್ಕನ ಮಗ ಮೊದಲ ಸಲ ಆನ್ ಮಾಡಿದಾಗ ಗಾಜಿನ ಹತ್ತಿರ ಕೈ ಒಯ್ದ. ತೋಳಿನ ಕೂದಲು ನೆಟ್ಟಗೆ ನಿಂತವು. ಹತ್ತು ನಿಮಿಷ ಗೇಮ್ ಬಿಟ್ಟು ಅದನ್ನೇ ಮಾಡುತ್ತಿದ್ದ. ಒಂದು ಎಚ್ಚರಿಕೆ: ಈ ಡಬ್ಬ ಮಾನಿಟರ್‌ನ ಹಿಂಬದಿ ಮಾತ್ರ ನೀವು ಬಿಚ್ಚಬೇಡಿ. ಆರಿಸಿದ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಕರೆಂಟ್ ವಿಷಯ. ವಿಂಡೋಸ್ 95 ಮತ್ತು ಮೊದಲ ವಿಂಡೋಸ್ 98ರಲ್ಲಿ 49.7 ದಿನ ಬಿಡದೆ ಓಡಿದರೆ ಮಷಿನ್ ನಿಂತುಹೋಗುವ ದೋಷ ಇತ್ತು. ನಮ್ಮ ಬಡಾವಣೆಯಲ್ಲಿ ಆ ಭಯ ಇಲ್ಲ. ನಮ್ಮ ತೊಂದರೆ ಪ್ರಾಜೆಕ್ಟ್ ಐಜಿಐ. 2000ದ ಈ ಗೇಮ್‌ನಲ್ಲಿ ಮಿಷನ್ ಮಧ್ಯೆ ಸೇವ್ ಮಾಡಲು ಬರುವುದಿಲ್ಲ. ಮುಕ್ಕಾಲು ಗಂಟೆ ತೆವಳಿಕೊಂಡು ಹೋಗಿ, ಕೊನೆಯ ಗೇಟ್ ಕಣ್ಣಿಗೆ ಬಿದ್ದಾಗ ಕರೆಂಟ್ ಹೋದರೆ ಏನು ಮಾಡಬೇಕು? "ಮಾಮ, ಸೇವ್ ಯಾಕೆ ಇಟ್ಟಿಲ್ಲ?" ಅಂತ ಹುಡುಗ ಅಳುವುದೊಂದು ಬಾಕಿ. ಮನೆಯ ಹಳೇ ಯುಪಿಎಸ್ ತಂದು ಜೋಡಿಸಿದೆ. ಡಬ್ಬ ಮಾನಿಟರ್ ಹಾಕಿದರೆ ನಾಲ್ಕು ನಿಮಿಷ ಹಿಡಿಯುತ್ತದೆ. ಆ ನಾಲ್ಕು ನಿಮಿಷದಲ್ಲಿ ಅವನು ಗೋಡೆ ಮರೆ ಬಿಟ್ಟು ಓಡುತ್ತಾನೆ, ಗುಂಡು ತಿಂದು ಸಾಯುತ್ತಾನೆ.

ಆಡುವುದು ಎಷ್ಟು? ಶುರುವಿನಲ್ಲಿ ಐವತ್ತು ಗೇಮ್‌ಗಳ ಪಟ್ಟಿ ಬರೆದಿದ್ದೆ. ಮೂರು ವರ್ಷದಲ್ಲಿ ನಿಜವಾಗಿ ಆಡಿದ್ದು ಐದು: ಏಜ್ ಆಫ್ ಎಂಪೈರ್ಸ್ 2, ಐಜಿಐ, ಕ್ವೇಕ್, ಕಮಾಂಡೋಸ್, ಮಿಡ್‌ಟೌನ್ ಮ್ಯಾಡ್‌ನೆಸ್. ಕೊನೆಯದರ ದಯೆಯಿಂದ ಬೆಂಗಳೂರಿಗಿಂತ ಶಿಕಾಗೋ ರಸ್ತೆಗಳೇ ನನಗೆ ಚೆನ್ನಾಗಿ ಗೊತ್ತು. ವಾರಕ್ಕೆ ಒಂದು ಸಂಜೆ, ಅಷ್ಟೇ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಥರದ, ವಿಂಡೋಸ್‌ಗೂ ಹಿಂದಿನ ಡಾಸ್‌ನ ಗೇಮ್‌ಗಳನ್ನು ಇದರಲ್ಲಿ ಆಡುವುದೇ ಇಲ್ಲ. ಡಾಸ್ ಕಾಲದ ಕೆಲವು ಗೇಮ್‌ಗಳು ಇಷ್ಟು ವೇಗದ ಮಷಿನ್‌ನಲ್ಲಿ ಹುಚ್ಚು ಹಿಡಿದಂತೆ ಓಡುತ್ತವೆ, ಕೆಲವು ಶುರುವಾಗುವ ಮುಂಚೆಯೇ ಎರರ್ ಕೊಟ್ಟು ಮಲಗುತ್ತವೆ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟಿಂಗ್) ಪ್ರೊಸೆಸರ್‌ನ ವೇಗದ ಮೆಮೊರಿಯಾದ ಕ್ಯಾಶ್ ಆಫ್ ಮಾಡಿ ನಿಧಾನ ಮಾಡಬಹುದು. ಆದರೆ ಲ್ಯಾಪ್‌ಟಾಪ್‌ನಲ್ಲಿ ಡಾಸ್ ಗೇಮ್ ಆಡಿಸುವ ಎಮ್ಯುಲೇಟರ್ ಡಾಸ್‌ಬಾಕ್ಸ್ ಇರುವಾಗ ಆ ಒದ್ದಾಟ ಯಾರಿಗೆ ಬೇಕು?

ಒಟ್ಟು ಖರ್ಚು ಏಳು ಸಾವಿರದ ಮೂವತ್ತು. ಆ ಮೂವತ್ತು ಬೋರ್ಡ್‌ನ ಸಿಆರ್ 2032 ಬ್ಯಾಟರಿಗೆ. ಅದು ಸತ್ತಿದ್ದರೆ ಪ್ರತಿ ಸಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಸೆಟಿಂಗ್ ಮರೆಯುತ್ತದೆ, ಹೊಸಬರು ಬೋರ್ಡೇ ಹೋಯಿತು ಅಂದುಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲ ಧೂಳು ಊದುತ್ತೇನೆ. ಮನೆ ರಸ್ತೆ ಪಕ್ಕ ಇದ್ದರೆ ನಾಲ್ಕು ಸಲ ಊದಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಬೇಸರ ಇಲ್ಲದವರಿಗೆ, ಹತ್ತಿರದಲ್ಲಿ ಒಳ್ಳೇ ಟಿವಿ ರಿಪೇರಿಯವರು ಇರುವವರಿಗೆ ಮಾತ್ರ. ಈಚೆಗೆ ಚಳಿಯ ಬೆಳಗ್ಗೆ ಆನ್ ಮಾಡಿದರೆ ಮಾನಿಟರ್‌ನ ಚಿತ್ರ ಎರಡೂ ಕಡೆಯಿಂದ ಕುಗ್ಗಿ, ಐದು ನಿಮಿಷ ಕಾದ ಮೇಲೆ ಅಗಲ ಆಗುತ್ತಿದೆ. "ಇದಕ್ಕೆ ಇನ್ನು ಪಾರ್ಟ್ಸ್ ಸಿಗೋದು ಕಷ್ಟ ಸರ್" ಅಂದಿದ್ದಾರೆ ಟಿವಿಯವರು. ತುಮಕೂರು ಕಡೆ ಯಾರ ಮನೆ ಅಟ್ಟದಲ್ಲಾದರೂ 17 ಇಂಚಿನ ಡಬ್ಬ ಇದ್ದರೆ ಗುಜರಿಗೆ ಹಾಕಬೇಡಿ. ಆಟೋ ದುಡ್ಡು ನಂದೇ.