ಅಪ್ಪನ ಕೋವಿ ಇಟ್ಟಿರುವ ಅಂಗಡಿಗೆ ನಾಲ್ಕು ಸ್ಟಾರ್

ಅಂಗಡಿಯ ಹೆಸರು ಬರೆಯುವುದಿಲ್ಲ, ಕ್ಷಮಿಸಿ. ಯಾರ ಕೋವಿ ಎಲ್ಲಿದೆ ಅಂತ ಡಂಗುರ ಸಾರುವುದು ಬೇಡ. ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಕಡೆ ಇರುವ ಹಳೇ ಬಂದೂಕಿನ ಅಂಗಡಿ ಅಂದರೆ ಸಾಕು. ಮಾರುವುದಕ್ಕಿಂತ ಬೇರೆಯವರ ಬಂದೂಕು ಕಾಯುವುದೇ ಈಗ ಅವರಿಗೆ ಹೆಚ್ಚಿನ ಕೆಲಸವಿದ್ದಂತಿದೆ.

ನಮ್ಮದು ಮೂಡಿಗೆರೆ ಕಡೆ. ಹಂದಿ ಓಡಿಸಲು ಅಪ್ಪ ಇಟ್ಟುಕೊಂಡಿದ್ದ 12 ಬೋರಿನ ಜೋಡು ನಳಿಗೆ ಕೋವಿ ಅದು. ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಹಾಗಾಗಿ ಅಪ್ಪ ಹೋದ ಮೇಲೆ ವಾರಸುದಾರಳು ಅಂತ ನಾನೇ ಓಡಾಡಿ ಲೈಸೆನ್ಸ್ ಮಾಡಿಸಿಕೊಂಡೆ. ಅಣ್ಣನಿಗೆ ಬೇಡವಾಗಿತ್ತು. ಬಸವನಗುಡಿಯ ಮನೆಯಲ್ಲಿ, ಮೊಮ್ಮಕ್ಕಳು ಮಂಚದಡಿ ನುಗ್ಗುವ ಕಡೆ, ಅದನ್ನು ಇಡಲು ಮನಸ್ಸು ಒಪ್ಪಲಿಲ್ಲ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂದಾಗ ಠಾಣೆಗೆ ಒಪ್ಪಿಸಿದ್ದೆ. ವಾಪಸ್ ಕೊಟ್ಟಾಗ, ಚೀಟಿ ಕಟ್ಟಿದ್ದ ದಾರದ ಅಗಲಕ್ಕೇ ನಳಿಗೆಯ ಸುತ್ತ ತುಕ್ಕಿನ ಉಂಗುರ. ಆಮೇಲೆ ಹುಡುಕಿಕೊಂಡು ಹೋಗಿದ್ದು ಈ ಅಂಗಡಿಗೆ.

ಯಜಮಾನರು ಕೋವಿ ಮುಟ್ಟುವ ಮೊದಲು ಲೈಸೆನ್ಸ್ ಪುಸ್ತಕ ಕೇಳಿದರು. ಆಮೇಲೆ ಮಡಚಿ, ಎರಡೂ ನಳಿಗೆಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ನೋಡಿದರು. ನನಗೂ ತೋರಿಸಿದರು: ‘ಖಾಲಿ ಇದೆ, ನೀವೂ ನೋಡಿಬಿಡಿ ಅಮ್ಮ.’ ನಂಬರನ್ನು ಭೂತಗನ್ನಡಿಯಲ್ಲಿ ಓದಿ ರಿಜಿಸ್ಟರಿಗೆ ಬರೆದರು. ಮರದ ಹಿಡಿಯಲ್ಲಿ ಕೂದಲೆಳೆಯಷ್ಟು ಸೀಳು ಇತ್ತು, ಅದನ್ನೂ ಬರೆದು ನನ್ನ ರುಜು ಹಾಕಿಸಿಕೊಂಡರು. ತೋಟಾಗಳಿಗೆ ಬೇರೆ ಬೀರು. ಒಟ್ಟು ಏಳು ನಿಮಿಷ. ನಾನು ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವಳು, ಗಡಿಯಾರ ನೋಡುವ ಚಾಳಿ ಹೋಗಿಲ್ಲ.

ಈ ಏಳು ನಿಮಿಷದ ಬೆಲೆ ಗೊತ್ತಾಗಿದ್ದು ಕಳೆದ ವರ್ಷ. ಚಿಕ್ಕಮಗಳೂರಿನ ವಿಳಾಸವನ್ನು ಬೆಂಗಳೂರಿಗೆ ಬದಲಾಯಿಸಲು ಅರ್ಜಿ ಹಾಕಿದ್ದೆ. ‘ಆಯುಧ ಸಮೇತ ಹಾಜರಾಗತಕ್ಕದ್ದು’ ಅಂತ ಒಂದು ಕಚೇರಿಯಿಂದ ಪತ್ರ ಬಂತು. ಅಂಗಡಿಯಿಂದ ಕೋವಿ ಬಿಡಿಸಿಕೊಂಡು, ಉದ್ದನೆ ಪೆಟ್ಟಿಗೆ ಮಡಿಲಲ್ಲಿಟ್ಟು ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ‘ಎಲ್ಲಿ ಮೇಡಂ ಕಚೇರಿ, ಪಿಟೀಲಾ?’ ಅಂದ. ಸರ್ಕಾರಿ ಕಚೇರಿಯಪ್ಪ ಅಂದೆ.

ಗೇಟಿನಲ್ಲಿ ಬೋರ್ಡು: ‘ಒಳಗೆ ಆಯುಧ ತರುವಂತಿಲ್ಲ’. ಅದೇ ಕಚೇರಿಯ ಬೋರ್ಡು, ಅದೇ ಕಚೇರಿಯ ಪತ್ರ. ಪೆಟ್ಟಿಗೆಯಲ್ಲೇನು ಅಂತ ಹೋಂಗಾರ್ಡ್ ಹುಡುಗ ಕೇಳಿದ, ಕೋವಿ ಅಂದೆ. ಎರಡು ಹೆಜ್ಜೆ ಹಿಂದೆ ಸರಿದು, ‘ಅಮ್ಮಾ, ಗುಂಡು ಹಾಕಿದ್ದೀರಾ?’ ಅಂದ. ಹಿಂದೆ ನಿಂತಿದ್ದವರೆಲ್ಲ ಗೊಳ್ಳೆಂದರು. ಈ ವಯಸ್ಸಿನಲ್ಲಿ ಅದೊಂದು ಬಾಕಿ ಇತ್ತು.

ಪತ್ರ ತೋರಿಸಿದೆ. ಅವನು ಬೋರ್ಡು ತೋರಿಸಿದ. ಇಲ್ಲೇ ಎಲ್ಲಾದರೂ ಇಟ್ಟುಕೊಳ್ಳಿ ಅಂದರೆ, ಇಡಲು ಜಾಗವೂ ಇಲ್ಲ, ಟೋಕನ್ನೂ ಇಲ್ಲ. ಹೊಂಗೆ ಮರದಡಿ ಕಲ್ಲುಬೆಂಚಿನಲ್ಲಿ ಹತ್ತೂಮುಕ್ಕಾಲಿಂದ ಒಂದು ಗಂಟೆವರೆಗೆ ಕೂತೆ. ಕೋವಿ ಬಿಟ್ಟು ಶೌಚಾಲಯಕ್ಕೂ ಹೋಗುವ ಹಾಗಿಲ್ಲ. ಅಷ್ಟರಲ್ಲಿ ಕಾರಿನಿಂದಿಳಿದ ಒಬ್ಬ ಸಾಹೇಬರ ಹಿಂದೆ ಸೊಂಟ ಉಬ್ಬಿದ ಸಫಾರಿಯ ಗನ್‌ಮ್ಯಾನ್ ಸೀದಾ ಒಳಗೆ ಹೋದ. ಕೊನೆಗೆ ಕೇಸ್ ವರ್ಕರ್ ಊಟಕ್ಕೆ ಹೊರಟವರು ಮರದ ನೆರಳಲ್ಲೇ ನಂಬರ್ ನೋಡಿ ಗುರುತು ಹಾಕಿಕೊಂಡರು.

ಸಂಜೆ ಆಸ್ಟಿನ್‌ನಲ್ಲಿರುವ ಅಣ್ಣನ ಮಗನಿಗೆ ಫೋನಿನಲ್ಲಿ ಹೇಳಿದರೆ ಅವನಿಗೆ ನಗು. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲು ಸಮೇತ ರಾಜ್ಯದ ಶಾಸನಭವನಕ್ಕೇ ಹೋಗಬಹುದಂತೆ. ‘ಸರ್ಕಾರವೇ ತಪಾಸಣೆ ಮಾಡಿ ಲೈಸೆನ್ಸ್ ಕೊಟ್ಟ ಮೇಲೆ ಅದೇ ಸರ್ಕಾರದ ಬಾಗಿಲಲ್ಲಿ ಅನುಮಾನ ಏಕೆ ಅತ್ತೆ?’ ಅಂತ ಅವನ ವಾದ. ತೆಗೆದುಹಾಕುವ ಮಾತಲ್ಲ. ಆದರೆ ಅವನ ದೇಶದ್ದೇ ಮಿಚಿಗನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ವಿರೋಧಿಸಿದವರು ರೈಫಲ್ ಹಿಡಿದು ಶಾಸನಭವನದ ಗ್ಯಾಲರಿಯಲ್ಲಿ ನಿಂತಿದ್ದರು, ಕೆಳಗೆ ಶಾಸಕರು. ಮರುವರ್ಷ ಜನವರಿಯಲ್ಲಿ ಅಲ್ಲಿ ಬಂದೂಕು ಕಾಣುವಂತೆ ಒಯ್ಯುವುದನ್ನು ನಿಷೇಧಿಸಿದರು. ಕೋವಿ ಹಕ್ಕನ್ನು ಎತ್ತಿಹಿಡಿದ 2008ರ ತೀರ್ಪಿನಲ್ಲೂ ಅವರ ಸುಪ್ರೀಂ ಕೋರ್ಟು, ಶಾಲೆ, ಸರ್ಕಾರಿ ಕಟ್ಟಡಗಳಲ್ಲಿನ ನಿಷೇಧಕ್ಕೆ ಇದರಿಂದ ಧಕ್ಕೆಯಿಲ್ಲ ಎಂದಿತ್ತು. ಅದನ್ನೆಲ್ಲ ಬಿಡು, ಒಂದು ಇ-ಖಾತಾಕ್ಕೆ ನಾನು ಒಂಬತ್ತು ಸಲ ಅಲೆದಿದ್ದೇನೆ, ಒಂಬತ್ತನೇ ಸಲ ‘ಸರ್ವರ್ ಡೌನ್’ ಅಂದಾಗ ನನ್ನ ಕೈಲಿ ಕೋವಿ ಇಲ್ಲದ್ದೇ ಒಳ್ಳೆಯದಾಯ್ತು ಅಂದೆ. ಅವನೂ ಸುಮ್ಮನಾದ.

ಗೇಟಿನ ನಿಷೇಧ ನನಗೂ ಸರಿಯೇ, ಆ ಸಫಾರಿಯವನಿಗೂ ಅನ್ವಯಿಸಿದರೆ. ಇಡಲು ಜಾಗ ಕೊಡದೆ ಬೋರ್ಡು ಮಾತ್ರ ಹಾಕಿದರೆ ಬಾಯಿಬಿಟ್ಟು ಹೇಳಿದವಳು ಮರದಡಿ, ಹೇಳದವನು ಒಳಗೆ. ಅಂಗಡಿಯ ಯಜಮಾನರಿಗೆ ಕಥೆ ಹೇಳಿದಾಗ ಅವರು ತಮ್ಮ ಕಬ್ಬಿಣದ ಬೀರು ತಟ್ಟಿ, ‘ಇಂಥದ್ದೊಂದು, ಒಂದು ರಿಜಿಸ್ಟರು, ಓದು ಬರಹ ಬರುವ ಒಬ್ಬ ಮನುಷ್ಯ. ಇನ್ನೇನು ಬೇಕಮ್ಮ?’ ಅಂದರು.

ಇನ್ನು ಅಂಗಡಿಯ ಕೊರತೆ. ತಿಂಗಳಿಗೆ ಐನೂರು ರೂಪಾಯಿ ಬಾಡಿಗೆ, ನನ್ನ ಪಿಂಚಣಿಗೆ ಸ್ವಲ್ಪ ಭಾರ. ಫೋನ್ ಎತ್ತುವುದಿಲ್ಲ. ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಒಂದೂವರೆಯಿಂದ ಮೂರರವರೆಗೆ ಊಟಕ್ಕೆ ಬಾಗಿಲು ಹಾಕುತ್ತಾರೆ. ಮರದಡಿಯಿಂದ ಸುಸ್ತಾಗಿ ವಾಪಸ್ ಬಂದಾಗ ಸರಿಯಾಗಿ ಒಂದೂ ಮೂವತ್ತೈದು. ಮತ್ತೆ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಆ ಮೆಟ್ಟಿಲ ಮೇಲೇ ಕೂತೆ. ಒಂದು ಸ್ಟಾರ್ ಹೋಗಿದ್ದು ಅಲ್ಲಿ.